ಗುಡಿಸಿನ ದೀರ್ಘ

ಫೆಬ್ರವರಿ ತಿಂಗಳ ಒಂದು ಶನಿವಾರ ಬೆಳಿಗ್ಗೆ ರಾಘಣ್ಣನವರು ಹಾವೇರಿಯ ಗ್ರಾಮೀಣ ಠಾಣೆಗೆ ಬಂದಾಗ ಪಿಎಸ್‌ಐ ಧನಶ್ರೀ ಸಿಬ್ಬಂದಿಗೆ ಆ ದಿನದ ಕೆಲಸ ಹಂಚುತ್ತಿದ್ದಳು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದ ರಾಘಣ್ಣನವರನ್ನು ಊರಿನಲ್ಲಿ ಗುರುತಿಸದವರಿಲ್ಲ. ಕುರ್ಚಿ ಎಳೆದುಕೊಟ್ಟರೂ ಅವರು ಕೂಡಲಿಲ್ಲ. ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಸ್ಮಾರಕದ ಫಲಕ ಹೋಗಿದೆ ಎಂದರು.

ಯಾವ ಸ್ಮಾರಕವೆಂದು ಕೇಳುವ ಅಗತ್ಯ ಧನಶ್ರೀಗೆ ಬೀಳಲಿಲ್ಲ. ಕರ್ಜಗಿಗೆ ಹೋಗುವ ದಾರಿಯಲ್ಲಿ ಹತ್ತಿಯ ಮೂಟೆ ತುಂಬಿಡುವ ಹಳೆಯ ಗೋದಾಮು ಒಂದಿದೆ. ಸಾವಿರದೊಂಬೈನೂರ ನಲವತ್ತಮೂರರಲ್ಲಿ ಚಳವಳಿಯ ಜನರನ್ನು ಹಿಡಿದು ಹಿಡಿದು ಇಡಲು ಜಾಗ ಸಾಲದೆ ಬ್ರಿಟಿಷರು ಅದನ್ನೇ ಜೈಲು ಮಾಡಿಕೊಂಡಿದ್ದರು. ಅದರ ಕಲ್ಲಿನ ಕಮಾನಿನ ಮೇಲೆ ಹನ್ನೊಂದು ಅಡಿ ಉದ್ದದ ಕಬ್ಬಿಣದ ಫಲಕವಿತ್ತು. ಎರಡು ಪಟ್ಟಿಗಳ ನಡುವೆ ಒಂದೊಂದಾಗಿ ರಿವೆಟ್ ಹೊಡೆದು ಕೂರಿಸಿದ ಅಕ್ಷರಗಳು. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ದು ತೋರಿಸುತ್ತಿದ್ದದ್ದು ಆ ಅಕ್ಷರಗಳನ್ನೇ.

ಜೈಲಿನ ಸಾಹೇಬ ಬರೆಸಲು ಹೇಳಿದ್ದು ‘ಸರಕಾರದ ಹುಕುಂ ಕೇಳಿರಿ’ ಎಂದು. ಕೆಲಸ ಮಾಡಿದವರು ಒಳಗಿದ್ದ ಕೈದಿಗಳು. ಕಮಾನಿಗೆ ಏರಿದ್ದು ‘ಸರಕಾರದ ಹುಕುಂ ಕೀಳಿರಿ’ ಎಂದು. ಕಕಾರದ ತಲೆಯ ಮೇಲೆ ಬಾಯಿ ತೆರೆದಿರಬೇಕಾದ ಏತ್ವವನ್ನು ದುಂಡಗೆ ಮುಚ್ಚಿ ಗುಡಿಸು ಮಾಡಿದ್ದರು, ಅಷ್ಟೇ. ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಹದಿನೈದು ದಿನ ಆ ಕಮಾನಿನ ಕೆಳಗೆ ಅವನು ಕುದುರೆಯ ಮೇಲೆ ಹಾದುಹೋದ. ಸುತ್ತಲಿನ ಹಳ್ಳಿಯ ಜನ ದೂರದಲ್ಲಿ ನಿಂತು ಓದಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಮುಂದಿನ ವಾರ ಅಲ್ಲಿ ರಾಘಣ್ಣನವರ ಸ್ಮಾರಕ ಸಮಿತಿಯ ದೊಡ್ಡ ಕಾರ್ಯಕ್ರಮವಿತ್ತು. ಫಲಕ ಮಾಡಿದ ಕಮ್ಮಾರ, ಸ್ವಾತಂತ್ರ್ಯ ಯೋಧ ಮುನಾಫಸಾಬ ಲೋಹಾರರ ಹೆಸರಿನ ಗ್ರಾನೈಟ್ ಕಲ್ಲನ್ನು ಕಮಾನಿನ ಪಕ್ಕದಲ್ಲಿ ನಿಲ್ಲಿಸುವುದಿತ್ತು. ಕಲ್ಲು ಕೆತ್ತಿ ಸಿದ್ಧವಾಗಿತ್ತು. ಆಮಂತ್ರಣ ಹಂಚಿಯಾಗಿತ್ತು.

“ಗುಜರಿಯವರ ಕೈಗೆ ಸಿಕ್ಕು ಕರಗಿತೋ ಏನೋ,” ಎಂದು ರಾಘಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. “ಲಗೂ ನೋಡ್ರಿ ಮೇಡಂ.”

ಸರಕಾರಿ ಆಸ್ತಿಯ ಕಳವು ಎಂದು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನ ಅಡಿ ಎಫ್‌ಐಆರ್ ದಾಖಲಾಯಿತು. ಧನಶ್ರೀ ಹೆಡ್ ಕಾನ್‌ಸ್ಟೇಬಲ್ ಪ್ರವೀಣಕುಮಾರನನ್ನು ಕರೆದುಕೊಂಡು ಜೀಪು ಹತ್ತಿದಳು. ಪ್ರವೀಣಕುಮಾರ ಈ ಜಿಲ್ಲೆಯಲ್ಲೇ ಇಪ್ಪತ್ತು ವರ್ಷ ಸವೆಸಿದ ಮನುಷ್ಯ. ಕಬ್ಬಿಣದ ಕಳವು ಎಂದರೆ ಮೂರು ಗುಜರಿ ಅಂಗಡಿ, ಎರಡು ದಿನ, ಒಬ್ಬ ಕುಡುಕ ಎಂದು ಅವನ ಲೆಕ್ಕ. ದಾರಿಯುದ್ದಕ್ಕೂ ಅದನ್ನೇ ಹೇಳಿದ.

ಸ್ಥಳ ನೋಡಿದ ಮೇಲೆ ಆ ಲೆಕ್ಕ ಧನಶ್ರೀಗೆ ಕೂಡಿ ಬರಲಿಲ್ಲ. ಕಮಾನಿನ ಕಲ್ಲಿನಲ್ಲಿ ಒಂದು ಚೂರೂ ಒಡೆದಿರಲಿಲ್ಲ. ಫಲಕವನ್ನು ಹಿಡಿದಿದ್ದ ಬೋಲ್ಟುಗಳನ್ನು ಗರಗಸದಿಂದ ಕೊಯ್ದಿರಲಿಲ್ಲ, ಪಾನಾ ಹಾಕಿ ಬಿಚ್ಚಿದ್ದರು. ತುಕ್ಕು ಸಡಿಲಾಗಲೆಂದು ಹಚ್ಚಿದ ಸೀಮೆಎಣ್ಣೆಯ ಕಲೆ ಕಲ್ಲಿನ ಮೇಲೆ ಇನ್ನೂ ಹಸಿಯಾಗಿ ಕಾಣುತ್ತಿತ್ತು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಒಂದೂ ಬಿಡದೆ ಬಟ್ಟೆಯಲ್ಲಿ ಕಟ್ಟಿ ಕಟ್ಟೆಯ ಮೇಲೆ ಇಟ್ಟಿದ್ದರು. ಹಗ್ಗ ಉಜ್ಜಿ ಕಲ್ಲು ಸವೆಯಬಾರದೆಂದು ಕಮಾನಿನ ಅಂಚಿಗೆ ಗೋಣಿಚೀಲ ಹಾಸಿದ್ದರು. ಆ ಚೀಲ ಅಲ್ಲೇ ಇತ್ತು.

ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಬರೆಸುವಾಗ ಪ್ರವೀಣಕುಮಾರ ಆ ಬಟ್ಟೆಯ ಗಂಟನ್ನು ತೂಗಿ ನೋಡಿದ. ಗುಜರಿಗೆ ಮಾರುವವನು ಇಷ್ಟು ಕಬ್ಬಿಣ ಬಿಟ್ಟು ಹೋಗುವುದಿಲ್ಲ ಎಂದು ತಾನೇ ಒಪ್ಪಿಕೊಂಡ.

ಕಾವಲುಗಾರ ಗುಡ್ಡಪ್ಪ ಗೋಡೆಗೆ ಆತು ಕೂತಿದ್ದ. ರಾತ್ರಿ ನಿದ್ದೆ ಹತ್ತಿತ್ತು, ಏನೂ ಗೊತ್ತಾಗಲಿಲ್ಲ ಎಂದು ರಾಘಣ್ಣನವರಿಗೆ ಹೇಳಿದ್ದನಂತೆ. ಧನಶ್ರೀ ಅವನೆದುರು ಕುಕ್ಕರಗಾಲಿನಲ್ಲಿ ಕೂತು, ಈ ಕೆಲಸ ಕತ್ತಲೆಯಲ್ಲಿ ಆಗುವಂಥದ್ದಲ್ಲ, ಒಬ್ಬರಿಂದ ಆಗುವಂಥದ್ದೂ ಅಲ್ಲ ಎಂದಳು.

“ನಿಚ್ಚಣಿಕಿ ನಾನ ಹಿಡದೇನ್ರಿ,” ಎಂದ ಗುಡ್ಡಪ್ಪ.

ಶುಕ್ರವಾರ ಮಧ್ಯಾಹ್ನ ಟಾಟಾ ಏಸ್ ಗಾಡಿಯೊಂದು ಬಂತು. ಅದರಲ್ಲಿ ಒಬ್ಬ ಡ್ರೈವರ್, ಒಬ್ಬ ಹಮಾಲ, ಒಬ್ಬ ಮುದುಕ. ಕಾರ್ಯಕ್ರಮ ಬಂತಲ್ಲ, ಫಲಕವನ್ನು ಎಣ್ಣೆ ಹಚ್ಚಿ ತಿಕ್ಕಬೇಕು, ಒಯ್ಯುತ್ತೇವೆ ಎಂದು ಮುದುಕ ಹೇಳಿದ. ಸಮಿತಿಯೇ ಕಳಿಸಿರಬೇಕೆಂದು ಗುಡ್ಡಪ್ಪ ನಂಬಿದ. ಮುದುಕ ಹಾಗಿದ್ದ: ಬಿಳಿ ಗಡ್ಡ, ತಲೆಗೆ ಟೋಪಿ, ಮೆತ್ತಗಿನ ಮಾತು. ಕೆಳಗೆ ನಿಂತು ಇಂಥ ನಟ್ಟು ಮೊದಲು, ಇಂಥದ್ದು ಆಮೇಲೆ ಎಂದು ಹೇಳಿಕೊಟ್ಟವನು ಅವನೇ. ಫಲಕ ಇಳಿದ ಮೇಲೆ ಗುಡ್ಡಪ್ಪನೇ ಅವರಿಗೆ ಕೊಡದಿಂದ ನೀರು ಕೊಟ್ಟ. ಮರುದಿನ ಬೆಳಿಗ್ಗೆ ಸಮಿತಿಯವರು ಬಂದು ಫಲಕ ಎಲ್ಲಿ ಎಂದಾಗ ಹೆದರಿ, ನಿದ್ದೆ ಹತ್ತಿತ್ತು ಎಂದುಬಿಟ್ಟ.

“ಮತ್ತೇನರ ನೋಡಿದೇನು?”

“ಕಮಾನಿನ ಮುಂದ ಬಂದ ಕೂಡ್ಲೆ ಚಪ್ಪಲಿ ಬಿಟ್ಟನ್ರಿ ಆ ಯಜಮಾನ. ಗುಡಿ ಮುಂದ ಬಿಟ್ಟಂಗ.”

ಗಾಡಿಯ ನಂಬರು ಗುಡ್ಡಪ್ಪ ನೋಡಿರಲಿಲ್ಲ. ಹೆದ್ದಾರಿಗೆ ಸೇರುವ ಕಡೆ ಇದ್ದ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಆ ಗಾಡಿ ಸಿಕ್ಕಿತು. ಗೋಣಿ ಹೊದಿಸಿದ ಉದ್ದನೆಯ ಸರಕು ಹಿಂದಿನ ಹಲಗೆ ದಾಟಿ ಚಾಚಿಕೊಂಡಿತ್ತು. ನಂಬರ್ ಪ್ಲೇಟು ಅದರ ಮರೆಯಲ್ಲಿ ಹೋಗಿತ್ತು. ಆದರೆ ಡ್ರೈವರ್ ಕೂಡುವ ಕ್ಯಾಬಿನ್ನಿನ ನೆತ್ತಿಯ ಮೇಲೆ ಹಳದಿ ಬಣ್ಣದಲ್ಲಿ, ಹೂಬಳ್ಳಿಯ ನಡುವೆ ದೊಡ್ಡದಾಗಿ ‘ತಬಸ್ಸುಮ್’ ಎಂದು ಬರೆದಿತ್ತು. ಗಾಡಿ ರಾಣೆಬೆನ್ನೂರಿನ ದಿಕ್ಕಿಗೆ ತಿರುಗಿತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ರಾಣೆಬೆನ್ನೂರಿಗೆ ಹೋದರು. ಬಾಡಿಗೆ ಗಾಡಿಗಳು ನಿಲ್ಲುವ ಕಡೆ ಕೇಳಿದ ಮೊದಲನೇ ಮನುಷ್ಯನೇ ತಬಸ್ಸುಮ್ ಗಾಡಿ ತೌಹೀದನದು ಎಂದು ಕೈ ತೋರಿಸಿದ. ಮಗಳ ಹೆಸರನ್ನು ಗಾಡಿಯ ಮೇಲೆ ಬರೆಸಿದ ತೌಹೀದ ಚಹಾ ಕುಡಿಯುತ್ತ ನಿಂತಿದ್ದ. ಪೊಲೀಸರನ್ನು ನೋಡಿ ಹೆದರಿದನೇ ಹೊರತು ಓಡಲಿಲ್ಲ. ತಾನು ಬಾಡಿಗೆಗೆ ಹೋದವನು, ಆ ಸರಕು ಕಳವಿನದೆಂದು ಕನಸಿನಲ್ಲೂ ತಿಳಿಯಲಿಲ್ಲ ಎಂದ. ಕರೆದೊಯ್ದವರು ಅಬ್ದುಲರಜಾಕ ಚಾಚಾ. ಅವರ ಮೊಮ್ಮಗ ಅಸ್ಲಮ್‌ನ ವೆಲ್ಡಿಂಗ್ ಅಂಗಡಿಯ ಮುಂದೆಯೇ ಇಳಿಸಿ ಬಂದದ್ದು.

“ಅಬ್ದುಲರಜಾಕ ಅಂದ್ರ?” ಎಂದು ಪ್ರವೀಣಕುಮಾರ ಕೇಳಿದ.

“ಲೋಹಾರ ಮನೆತನರಿ. ಅವರ ಅಬ್ಬಾನ ಹೆಸರಿನ್ಯಾಗ ಹಾವೇರ್‍ಯಾಗ ಕಲ್ಲು ನಿಲ್ಲಸಾಕತ್ತಾರಲ್ರಿ.”

ಧನಶ್ರೀ ಪ್ರವೀಣಕುಮಾರನ ಮುಖ ನೋಡಿದಳು. ಕಳವಾದ ಫಲಕವನ್ನು ಮಾಡಿದವನ ಮಗ. ಮುಂದಿನ ವಾರ ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳಬೇಕಾದ ಮನುಷ್ಯ.

ಅಸ್ಲಮ್‌ನ ಅಂಗಡಿ ಮುಚ್ಚಿತ್ತು. ಮನೆ ಅದರ ಹಿಂದೆಯೇ. ಅಸ್ಲಮ್ ಮೂವತ್ತರ ಆಸುಪಾಸಿನವನು. ಬಾಗಿಲು ತೆರೆದವನೇ ತಪ್ಪೆಲ್ಲ ತನ್ನದು ಎನ್ನುವಂತೆ ಮಾತಾಡತೊಡಗಿದ. ಸಮಿತಿಯವರು ತಿಕ್ಕಿ ಕೊಡಲು ಹೇಳಿದ್ದಾರೆಂದು ಅಜ್ಜ, ತನ್ನ ದಾದಾ, ಅಂದದ್ದನ್ನು ನಂಬಿದೆ ಎಂದ. ಶುಕ್ರವಾರ ಸಂಜೆಯೆಲ್ಲ ದಾದಾ ಅಂಗಡಿಯಲ್ಲಿ ಕೂತು ಒಂದೊಂದೇ ಅಕ್ಷರಕ್ಕೆ ಎಣ್ಣೆ ಹಚ್ಚಿ ಅರಿವೆಯಿಂದ ಒರೆಸಿದರು, ಕೈ ಹಚ್ಚಲು ಯಾರಿಗೂ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಬೇರೆ ಗಾಡಿ ತರಿಸಿ ಫಲಕ ಏರಿಸಿಕೊಂಡು ಹೋದರು. ಫೋನು ಮನೆಯಲ್ಲೇ ಬಿಟ್ಟಿದ್ದಾರೆ.

“ಎಲ್ಲಿಗೆ ಹೋಗ್ಯಾರ?”

ಅಸ್ಲಮ್ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು. “ಬ್ಯಾಡಗಿಗೆ.” ಅಬ್ದುಲರಜಾಕನ ಹೆಂಡತಿ ಕುಲ್ಸುಮಬಿ ಮೊಣಕಾಲು ಹಿಡಿದುಕೊಂಡು ಪಡಸಾಲೆಗೆ ಬಂದಳು. ಪೊಲೀಸರಿಗೆ ಚಾಪೆ ಹಾಸಲು ಮೊಮ್ಮಗನಿಗೆ ಹೇಳಿ, ತಾನು ಗೋಡೆಗೆ ಒರಗಿ ಕೂತಳು. ಮುಚ್ಚಿಡುವ ಇರಾದೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ಆ ಕಲ್ಲಿನ ಮೇಲೆ ಬರೆದಿರುವುದು ಸುಳ್ಳು, ಅದೇ ಗಂಡನಿಗೆ ನುಂಗಲಾರದ ತುತ್ತಾಗಿದೆ ಎಂದು ಅವಳು ಹೇಳಿದಳು. ಮಾವ ಮುನಾಫಸಾಬರು ಇರುವ ತನಕ ಮನೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು: ಕಬ್ಬಿಣ ನಂದು, ಅಕ್ಷರ ಲಕ್ಕಪ್ಪಂದು. ಹೊರಗಿನ ಜನರ ಮುಂದೆಯೂ ಹೇಳುತ್ತಿದ್ದರು. ದೊಡ್ಡ ಮನಸ್ಸಿನ ಮನುಷ್ಯ, ತನ್ನ ಕೀರ್ತಿ ಇನ್ನೊಬ್ಬರಿಗೆ ಹಂಚುತ್ತಾನೆ ಎಂದು ಜನ ಇನ್ನಷ್ಟು ಹಾರ ಹಾಕುತ್ತಿದ್ದರು. ಕಲ್ಲಿನ ಸುದ್ದಿ ಬಂದ ಮೇಲೆ ಇವರು ಮೂರು ಸಲ ಹಾವೇರಿಗೆ ಹೋಗಿ ಸಮಿತಿಯವರ ಮುಂದೆ ಹೇಳಿ ಬಂದರು.

“ಏನಂದ್ರು ಅವರು?”

“ದಾಖಲೆ ತಗೊಂಬರ್ರಿ ಅಂದ್ರಂತ. ಸತ್ತಾಂವ ದಾಖಲೆ ಎಲ್ಲಿಂದ ತರಬೇಕವ್ವಾ? ನಿನ್ನೆ ಗಾಡಿ ಹತ್ತುವಾಗ ಕೇಳಿದೆ, ಪೊಲೀಸರು ಹಿಡದ್ರ ಏನ ಮಾಡ್ತೀರಿ ಅಂತ. ಹಿಡೀಲಿ ಅಂದ್ರು.”

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಜೀಪಿನ ಡ್ರೈವರ್ ಸೀನತೊಡಗಿದ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮನೆಮನೆಯ ಮುಂದೆ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕುಲ್ಸುಮಬಿ ಹೇಳಿಕೊಟ್ಟಂತೆ ಲಕ್ಕಪ್ಪನ ಮಗಳು ಫಕ್ಕೀರವ್ವನ ಮನೆ ಎಂದು ಕೇಳಿದಾಗ ಯಾರಿಗೂ ಗೊತ್ತಾಗಲಿಲ್ಲ. ಕಬ್ಬಿಣದ ಬೋರ್ಡು ಬಂದ ಮನೆ ಎಂದಾಗ ಎಲ್ಲರೂ ಬೆರಳು ತೋರಿಸಿದರು.

ಮನೆ ಚಿಕ್ಕದು. ಫಲಕ ಅದರೊಳಗೆ ಹಿಡಿಸಿರಲಿಲ್ಲ. ಅರ್ಧ ಒಳಗೆ, ಅರ್ಧ ಬಾಗಿಲಿಂದ ಹೊರಗೆ ಕಟ್ಟೆಯ ಮೇಲೆ ಚಾಚಿತ್ತು. ಹೊರಗೆ ಉಳಿದ ಭಾಗದಲ್ಲಿ ‘ಕೀಳಿರಿ’ ಎಂಬುದು ಎಣ್ಣೆಯ ಹೊಳಪಿನಲ್ಲಿ ಕಪ್ಪಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಬಿಳಿ ಗಡ್ಡದ ಮುದುಕ ಗೋಣಿಯ ಮೇಲೆ ಕೂತು, ಮನೆಯ ಮುದುಕಿಯೊಂದಿಗೆ ತಾನೂ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ಖಾಕಿ ಕಂಡು ಕೈ ಝಾಡಿಸಿಕೊಂಡು ಎದ್ದು ನಿಂತ.

“ನಿನ್ನೆನ ಬರತೀರಿ ಅಂದಕೊಂಡಿದ್ದೆ,” ಎಂದ.

ಧನಶ್ರೀ ಅವನನ್ನು ಕೂಡಲು ಹೇಳಿ ತಾನೂ ಕಟ್ಟೆಯ ಮೇಲೆ ಕೂತಳು. ಪ್ರವೀಣಕುಮಾರ ಹಾಳೆ ತೆಗೆದ.

“ಫಲಕ ತಂದವರು ನೀವ ಏನು, ಅಜ್ಜಾರ?”

“ನಾನ. ತೌಹೀದಗ, ಹಮಾಲಗ, ನನ್ನ ಮೊಮ್ಮಗಗ ಏನೂ ಗೊತ್ತಿಲ್ಲ. ಆ ಕಾವಲಿನಾಂವಗ ಸುಳ್ಳು ಹೇಳಿದೆ. ಅದೊಂದು ತಪ್ಪು ಆತು.”

“ಯಾಕ ತಂದ್ರಿ?”

ಅಬ್ದುಲರಜಾಕ ಹೇಳಿದ. ಅವನ ಹೇಳಿಕೆಯಲ್ಲಿ ಹಿಂದುಮುಂದು ಇರಲಿಲ್ಲ. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದಂತೆ ಬಂತು. ಲಕ್ಕಪ್ಪನೂ ಮುನಾಫಸಾಬನೂ ಒಂದೇ ಜೈಲಿನಲ್ಲಿದ್ದರು. ಲಕ್ಕಪ್ಪ ಇಪ್ಪತ್ತೆರಡರ ಹುಡುಗ. ಹೊಸರಿತ್ತಿಯ ಕಡೆ ಗಾಂಧಿ ಮಂದಿ ತೆರೆದಿದ್ದ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಊರೂರು ತಿರುಗಿ ಚಕ್ಕಡಿಗಳ ಮೇಲೆ ಹೆಸರು ಬರೆದುಕೊಡುತ್ತಿದ್ದ. ಸಾಹೇಬ ಫಲಕ ಮಾಡಲು ಹೇಳಿದಾಗ ತಗಡಿನ ಮೇಲೆ ಸುಣ್ಣದಿಂದ ಅಕ್ಷರ ಬರೆದವನು ಲಕ್ಕಪ್ಪ. ಮುನಾಫಸಾಬ ಗೆರೆಯ ಗುಂಟ ಕತ್ತರಿಸಿದ. ಕತ್ತರಿಸುವಾಗ ಅವನಿಗೆ ಅದರಲ್ಲಿ ಏನಿದೆ ಎಂದು ತಿಳಿಯಲಿಲ್ಲ. ಕಮಾನಿಗೆ ಏರಿಸಿದ ಮೇಲೆ ಒಳಗಿನ ಕೈದಿಗಳು ನಗುವುದನ್ನು ನೋಡಿ, ಏನೋ ಇದು ಎಂದು ಲಕ್ಕಪ್ಪನನ್ನೇ ಕೇಳಿದನಂತೆ.

ಹದಿನೈದು ದಿನವಾದ ಮೇಲೆ ಧಾರವಾಡದಿಂದ ಕನ್ನಡ ಬಲ್ಲ ಕಾರಕೂನ ಬಂದ. ಕಮಾನು ನೋಡಿ ಬೆವತ. ಸಾಹೇಬ ಕೈದಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಇದು ಯಾರ ಕೆಲಸ ಎಂದು ಕೇಳಿದ. ಕಬ್ಬಿಣದ ಕೆಲಸವೆಂದು ಮೊದಲು ಹಿಡಿದದ್ದು ಮುನಾಫಸಾಬನ ರಟ್ಟೆಯನ್ನೇ. ಲಕ್ಕಪ್ಪ ಸಾಲಿನಿಂದ ಮುಂದೆ ಬಂದು, ಬರೆದಾಂವ ನಾನು ಎಂದ. ಅವನನ್ನು ಅದೇ ಕಮಾನಿನ ಕಂಬಕ್ಕೆ ಕಟ್ಟಿ ಹೊಡೆದರು. ಆಮೇಲೆ ಬೇರೆ ಜೈಲಿಗೆ ಒಯ್ದರು. ಅಲ್ಲಿ ಜ್ವರದಿಂದ ಸತ್ತನೆಂದು ಒಂದು ತಿಂಗಳ ಮೇಲೆ ಸುದ್ದಿ ಬಂತು. ಹೆಣವನ್ನು ಮನೆಯವರಿಗೆ ಕೊಡಲಿಲ್ಲ. ಹೆಂಡತಿ ಬಸುರಿ ಇದ್ದಳು. ಕಿತ್ತು ಬಿಸಾಕಿದ ಫಲಕವನ್ನು ಕರ್ಜಗಿ ದಾರಿಯ ಜನ ಬಾವಿಯಲ್ಲಿ ಮುಚ್ಚಿಟ್ಟು, ಸ್ವಾತಂತ್ರ್ಯ ಬಂದ ದಿನ ಮತ್ತೆ ಏರಿಸಿದರು. ಅಷ್ಟು ಹೊತ್ತಿಗೆ ಇಬ್ಬರಲ್ಲಿ ಬದುಕಿ ಉಳಿದವನು ಮುನಾಫಸಾಬ ಒಬ್ಬನೇ ಆದ್ದರಿಂದ ಹಾರ ಅವನ ಕೊರಳಿಗೆ ಬಿತ್ತು.

“ನಮ್ಮಪ್ಪ ಸಣ್ಣಾಂವ ಅಲ್ರಿ. ಅಂವನೂ ಜೈಲಿನ್ಯಾಗ ಇದ್ದಾಂವ, ಅಂವನೂ ಬಡಿತ ತಿಂದಾಂವ. ಆದ್ರ ಆ ಅಕ್ಷರಕ್ಕ ಜೀವಾ ಕೊಟ್ಟಾಂವ ಬ್ಯಾರೆ. ಕಲ್ಲಿನ ಮ್ಯಾಲೆ ಒಮ್ಮೆ ಕೆತ್ತಿದ್ರ ಮುಗದು ಹೋತು. ಮತ್ತ ಯಾರೂ ತಿದ್ದಂಗಿಲ್ಲ.”

“ಇದು ಖರೇ ಅನ್ನಾಕ ಏನೈತಿ, ಅಜ್ಜಾರ?”

“ನಮ್ಮಪ್ಪಗ ಓದಾಕ ಬರಿಯಾಕ ಬರತಿದ್ದಿಲ್ಲ,” ಎಂದ ಅಬ್ದುಲರಜಾಕ.

ಪ್ರವೀಣಕುಮಾರನ ಪೆನ್ನು ನಿಂತಿತು. ಧನಶ್ರೀ ಫಲಕದ ಕಡೆ ತಿರುಗಿದಳು. ಚಿಕ್ಕಂದಿನಲ್ಲಿ ಶಾಲೆಯ ಪಡಸಾಲೆಯಲ್ಲಿ ಕೂತು ಕಾಗುಣಿತ ಒಪ್ಪಿಸುತ್ತಿದ್ದದ್ದು ನೆನಪಾಯಿತು: ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ. ಏತ್ವಕ್ಕೂ ಗುಡಿಸಿಗೂ ಇರುವ ಅಂತರ ಒಂದು ಬೆರಳಿನಷ್ಟು. ಆ ಒಂದು ಬೆರಳಿನಲ್ಲಿ ಮಾತು ತಲೆಕೆಳಗಾಗುತ್ತದೆ ಎಂದು ತಿಳಿಯಬೇಕಾದರೆ ಓದಲು ಬರಬೇಕು. ಇಷ್ಟು ವರ್ಷ ಈ ಫಲಕವನ್ನು ನೋಡಿದವರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

ಮನೆಯ ಮುದುಕಿ ಫಕ್ಕೀರವ್ವ ಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ಎಂಬತ್ತು ದಾಟಿದ ಹೆಂಗಸು, ಅಪ್ಪನ ಮುಖ ನೋಡಿದವಳಲ್ಲ, ಶಾಲೆಯ ಮೆಟ್ಟಿಲು ಹತ್ತಿದವಳೂ ಅಲ್ಲ. ಮುನಾಫಸಾಬ ಬದುಕಿದ್ದಾಗ ವರ್ಷಕ್ಕೊಮ್ಮೆ ಬಂದು ತಾಯಿಯನ್ನು ಮಾತಾಡಿಸಿ ಹೋಗುತ್ತಿದ್ದನೆಂದು ಅವಳು ಹೇಳಿದಳು. ನಿನ್ನೆ ಅವನ ಮಗ ಇದನ್ನು ಹೊತ್ತು ತಂದಾಗ ತಾನು ಕೇಳಿದ್ದು ಒಂದೇ ಮಾತು ಎಂದಳು.

“ಇದರಾಗ ನಮ್ಮಪ್ಪಂದು ಯಾವ ಅಕ್ಷರ ಅಂತ ಕೇಳಿದೆ. ಎಲ್ಲಾ ನಿಮ್ಮಪ್ಪಂದ ಐತಿ ಅಂದ ಈ ತಮ್ಮ.”

ಫಲಕವನ್ನು ಜಪ್ತಿ ಮಾಡಲು ಅದೇ ಓಣಿಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆಸಲಾಯಿತು. ಉದ್ದ, ಅಗಲ, ಅಕ್ಷರಗಳ ವಿವರ ಎಲ್ಲ ಬಂತು. ಅದಾದ ಮೇಲೆ ಧನಶ್ರೀ ಅಬ್ದುಲರಜಾಕನಿಗೆ ಕಾನೂನು ತಿಳಿಸಿ ಹೇಳಿದಳು. ವಯಸ್ಸಾದವರು, ಮಾಲು ಸಿಕ್ಕಿದೆ, ಓಡಿಹೋಗುವವರಲ್ಲ. ಇಂಥ ಪ್ರಕರಣದಲ್ಲಿ ನೋಟಿಸು ಕೊಟ್ಟು ಬಿಟ್ಟರೆ ಸಾಕು. ಕರೆದಾಗ ಠಾಣೆಗೆ ಬಂದರಾಯಿತು.

ಮುದುಕ ತಲೆ ಅಲ್ಲಾಡಿಸಿದ.

“ನೋಟಿಸು ಬ್ಯಾಡ್ರಿ. ಅರೆಸ್ಟ್ ಮಾಡ್ರಿ.”

“ಯಾಕ?”

“ಮೂರು ಸಲ ಹೇಳಿದೆ ಆ ಕಮೀಟಿಯವರಿಗೆ. ಚಾ ಕುಡಿಸಿ ಕಳಿಸಿದ್ರು, ಒಂದಕ್ಷರ ಬರಕೊಳ್ಳಲಿಲ್ಲ. ದಾಖಲೆ ಬೇಕಂತ ಅವರಿಗೆ. ಪೊಲೀಸರು ಹಿಡದ್ರ ಬರಕೊಳ್ಳಾಕ ಬೇಕಲ್ರಿ? ಅದಕ್ಕ ತಂದೆ.”

ಪೊಲೀಸರ ಮುಂದೆ ಹೇಳಿದ್ದು ನ್ಯಾಯಾಲಯದಲ್ಲಿ ನಡೆಯುವುದಿಲ್ಲ, ಆ ಹೇಳಿಕೆಗೆ ಸಹಿ ಕೂಡ ತೆಗೆದುಕೊಳ್ಳುವಂತಿಲ್ಲ ಎಂದು ಧನಶ್ರೀ ಹೇಳಿದಳು. ನಡೆಯುವುದೇನಿದ್ದರೂ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು.

“ಹಂಗಾರ ಅವರ ಮುಂದ ನಿಂದ್ರಸ್ರಿ,” ಎಂದು ಅಬ್ದುಲರಜಾಕ ಚಪ್ಪಲಿ ಮೆಟ್ಟಿದ.

ಹಾವೇರಿಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಠಾಣೆಯಲ್ಲಿ ರಾಘಣ್ಣನವರು ಕಾದಿದ್ದರು. ಫಲಕವನ್ನು ಗುರುತಿಸಿ, ಅದರ ಅಂಚನ್ನು ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ಒಳಗಿನ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ಮಾತು ತೆಗೆದರು. ಫಿರ್ಯಾದು ಹಿಂದೆ ತೆಗೆದುಕೊಳ್ಳುತ್ತೇನೆ. ಫಲಕ ತಿಕ್ಕಲು ಹೋಗಿತ್ತು, ಹೇಳುವುದರಲ್ಲಿ ಗೊಂದಲವಾಯಿತು ಎಂದು ಬರೆದುಕೊಡುತ್ತೇನೆ. ಸನ್ಮಾನ ಮಾಡಬೇಕಾದ ಮನುಷ್ಯನನ್ನೇ ಹಿಡಿದು ಒಳಗೆ ಹಾಕಿದರೆ ಊರು ಏನೆಂದೀತು, ಆ ಸಮಾಜದವರು ಏನೆಂದಾರು. ಸಿಪಿಐ ಸಾಹೇಬರಿಗೂ ಇದೇ ಸರಿ ಅನ್ನಿಸಿದೆ.

ಸಿಪಿಐ ಆಗಲೇ ಫೋನು ಮಾಡಿದ್ದರು. ಆದೇಶ ಕೊಟ್ಟಿರಲಿಲ್ಲ, ನೋಡಮ್ಮಾ, ಸುಲಭದಲ್ಲಿ ಮುಗಿಯುವುದಾದರೆ ಮುಗಿಸು ಎಂದಿದ್ದರು. ಧನಶ್ರೀಗೂ ಅದು ಸುಲಭವಾಗಿಯೇ ಕಂಡಿತ್ತು. ಒಂದು ಹಾಳೆ ಬರೆದರೆ ಮುದುಕ ಸಂಜೆಯೊಳಗೆ ಮನೆಯಲ್ಲಿರುತ್ತಾನೆ. ಫಲಕ ಕಮಾನು ಸೇರುತ್ತದೆ. ಕಲ್ಲೂ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಬ್ಯಾಡಗಿಯ ಕಟ್ಟೆಯ ಮೇಲೆ ಕೇಳಿದ್ದೆಲ್ಲ ಆ ಒಂದು ಹಾಳೆಯ ಅಡಿಗೆ ಹೋಗುತ್ತದೆ.

ಅವಳು ರಾಘಣ್ಣನವರಿಗೆ ನೀರು ಕೊಡಿಸಿದಳು.

“ಸರ್, ಒಂದು ಮಾತು ಕೇಳ್ತೀನಿ. ಮುನಾಫಸಾಬರಿಗೆ ಓದಾಕ ಬರತಿತ್ತೇನ್ರಿ?”

ರಾಘಣ್ಣ ಗ್ಲಾಸು ಎತ್ತಿದವರು ಹಾಗೆಯೇ ಕೆಳಗಿಟ್ಟರು. ಹೊರಗೆ ಪ್ರವೀಣಕುಮಾರ ಯಾರಿಗೋ ಫಲಕದ ಹತ್ತಿರ ಬರಬೇಡಿ ಎಂದು ಗದರುವುದು ಕೇಳಿಸುತ್ತಿತ್ತು.

“ತಾಮ್ರಪತ್ರ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ರು,” ಎಂದರು. “ಆ ಫೋಟೋ ನಾನ ತಗೊಂಡು ಕಾರ್ಯಕ್ರಮದ ಪುಸ್ತಕಕ್ಕ ಹಾಕೇನಿ.”

“ಮತ್ತ ಅಜ್ಜಾರು ಬಂದು ಹೇಳಿದಾಗ?”

“ದಾಖಲೆ ಇರಲಿಲ್ಲಲ್ಲಮ್ಮಾ. ನಾ ಜೀವಮಾನ ಪೂರ್ತಿ ಹುಡುಗರಿಗೆ ಅದನ್ನ ಕಲಿಸಿದೆ, ದಾಖಲೆ ಇಲ್ಲದ ಏನೂ ನಂಬಬ್ಯಾಡ್ರಿ ಅಂತ.” ಅವರು ಎದ್ದರು. ಫಿರ್ಯಾದು ಹಿಂದೆ ಪಡೆಯುವ ಮಾತನ್ನು ಮತ್ತೆ ಎತ್ತಲಿಲ್ಲ. ಹೋಗುವಾಗ ಬೆಂಚಿನ ಮೇಲೆ ಕೂತಿದ್ದ ಅಬ್ದುಲರಜಾಕನ ಮುಂದೆ ಒಂದು ಕ್ಷಣ ನಿಂತು ಕೈ ಮುಗಿದರು. ಅವನೂ ಮುಗಿದ.

ಸಂಜೆ ಬಂಧನದ ಪತ್ರ ತಯಾರಾಯಿತು. ಬಂಧನಕ್ಕೆ ಕಾರಣ ಕಾಣಿಸುವ ಕಡೆ, ನ್ಯಾಯಾಧೀಶರ ಮುಂದೆಯೇ ಹೇಳಿಕೆ ಕೊಡಬೇಕೆಂದು ಆರೋಪಿ ಕೇಳಿಕೊಂಡದ್ದನ್ನೂ ಧನಶ್ರೀ ಬರೆದಳು. ಅಸ್ಲಮ್‌ಗೆ ಸುದ್ದಿ ಮುಟ್ಟಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ರಾತ್ರಿಯ ಊಟಕ್ಕೆ ಮನೆಯ ರೊಟ್ಟಿ ತರಲು ಒಪ್ಪಿಗೆ ಕೊಟ್ಟಳು. ಸಿಪಿಐಗೆ ಫೋನಿನಲ್ಲಿ ತಾನು ಮಾಡಿದ್ದನ್ನು ಹೇಳಿದಾಗ ಅವರು ಕಾಗದ ಸರಿ ಇರಲಿ ಎಂದಷ್ಟೇ ಅಂದರು.

ಸೋಮವಾರ ನ್ಯಾಯಾಲಯದಲ್ಲಿ ಜನ ಬಹಳ ಇದ್ದರು. ಆಮಂತ್ರಣದಲ್ಲಿ ಹೆಸರಿದ್ದ ಮುದುಕನನ್ನು ಕಳ್ಳನೆಂದು ತಂದಿದ್ದಾರೆಂದು ಕೇಳಿ ಕೆಲವರು ನೋಡಲೆಂದೇ ಬಂದಿದ್ದರು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿ, ಪೊಲೀಸರು ತೊಂದರೆ ಕೊಟ್ಟರೇ ಎಂದು ಕೇಳಿದರು. ಇಲ್ಲ ಎಂದ ಅಬ್ದುಲರಜಾಕ. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇದೆ ಎಂದ. ವಕೀಲ ಬೇಕೆಂದರೆ ಸರಕಾರದಿಂದ ಕೊಡುತ್ತೇವೆ, ಹೇಳಲೇಬೇಕೆಂದಿಲ್ಲ, ಹೇಳಿದ್ದು ನಿಮಗೇ ತಿರುಗಿ ಬೀಳಬಹುದು ಎಂದು ಅವರು ಎಚ್ಚರಿಸಿದರು. ವಕೀಲರ ಜೊತೆ ಮಾತಾಡಿ ಬಂದ ಮೇಲೂ ಅವನ ಮಾತು ಅದೇ ಆಗಿತ್ತು.

ಅವನು ಹೇಳಿದ. ಬ್ಯಾಡಗಿಯಲ್ಲಿ ಹೇಳಿದ್ದನ್ನೇ, ಅದೇ ಸಾವಧಾನದಲ್ಲಿ. ಮ್ಯಾಜಿಸ್ಟ್ರೇಟರು ನಡುನಡುವೆ ತಡೆದು ಟೈಪಿಸ್ಟಿಗೆ ವಾಕ್ಯ ಹೇಳಿ ಬರೆಸುತ್ತ ಬಂದರು.

“ಈ ಲಕ್ಕಪ್ಪ ಅನ್ನೋರ ಪೂರ್ತಿ ಹೆಸರೇನು?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಅಬ್ದುಲರಜಾಕನಿಗೆ ಅದು ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಲಕ್ಕಪ್ಪ ಯಾವಾಗಲೂ ಬರೀ ಲಕ್ಕಪ್ಪನೇ ಆಗಿದ್ದ. ಟೈಪಿಸ್ಟು ಬೆರಳೆತ್ತಿ ಕಾದಳು. ಧನಶ್ರೀ ಪ್ರವೀಣಕುಮಾರನ ಕಡೆ ನೋಡಿದಳು. ಪಂಚನಾಮೆಯಲ್ಲೂ ಅದು ಇರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಕೋಲು ಊರಿ ಎದ್ದಳು. ಬೆಳಗಿನ ಬಸ್ಸಿಗೆ ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ. ಕೂಡ್ರಮ್ಮಾ ಎಂದು ಅಟೆಂಡರ್ ಹತ್ತಿರ ಹೋದ. ಇರಲಿ ಎಂದು ಮ್ಯಾಜಿಸ್ಟ್ರೇಟರು ಕೈ ತೋರಿಸಿದರು.

“ಲಕ್ಕಪ್ಪ ಫಕ್ಕೀರಪ್ಪ ಚಲವಾದಿ,” ಎಂದಳು ಫಕ್ಕೀರವ್ವ. “ನಾ ಮಗಳರಿ. ಅವರಪ್ಪನ ಹೆಸರು ನನಗಿಟ್ಟಾರ.”

ಟೈಪಿಸ್ಟಿನ ಬೆರಳು ಓಡಿತು. ಬರೆದದ್ದನ್ನು ಮ್ಯಾಜಿಸ್ಟ್ರೇಟರು ಗಟ್ಟಿಯಾಗಿ ಓದಿಸಿದರು. ಸರಿ ಇದೆಯೇ ಎಂದಾಗ ಅಬ್ದುಲರಜಾಕ ಆ ಹೆಸರಿನ ಸಾಲನ್ನು ಇನ್ನೊಮ್ಮೆ ಓದಲು ಕೇಳಿಕೊಂಡ. ಓದಿದರು. ವಯಸ್ಸು ನೋಡಿ, ಮಾಲು ಸಿಕ್ಕಿದ್ದನ್ನು ನೋಡಿ, ಅಸ್ಲಮ್‌ನ ಜಾಮೀನಿನ ಮೇಲೆ ಅವನನ್ನು ಆ ಮಧ್ಯಾಹ್ನವೇ ಬಿಟ್ಟರು.

ಆ ವಾರದ ಕಾರ್ಯಕ್ರಮ ನಡೆಯಲಿಲ್ಲ. ಪ್ರಕರಣ ಮುಗಿಯುವ ತನಕ ಫಲಕ ಸಾಕ್ಷ್ಯದ ಮುದ್ದೆಮಾಲಾಗಿ ಠಾಣೆಯ ಗೋಡೆಗೆ ಒರಗಿ ನಿಂತಿತು. ಗ್ರಾನೈಟ್ ಕಲ್ಲನ್ನು ಸಮಿತಿಯವರು ಕೆತ್ತಿದವನಿಗೇ ವಾಪಸ್ಸು ಕಳಿಸಿದರೆಂದು ಪ್ರವೀಣಕುಮಾರ ಎಲ್ಲಿಂದಲೋ ಸುದ್ದಿ ತಂದ. ಇನ್ನೊಂದು ಕಲ್ಲು ಮಾಡಿಸುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ರಾಘಣ್ಣನವರು ಮಾತ್ರ ನ್ಯಾಯಾಲಯದಲ್ಲಿ ಆ ಹೇಳಿಕೆಯ ನಕಲಿಗೆ ಅರ್ಜಿ ಹಾಕಿದ್ದರು.

ಏಪ್ರಿಲ್ ತಿಂಗಳಲ್ಲಿ ಧನಶ್ರೀ ದೋಷಾರೋಪಣ ಪಟ್ಟಿ ಸಿದ್ಧಪಡಿಸಿದಳು. ಕಳವು ನಡೆದದ್ದು ನಿಜ, ಮಾಡಿದವನು ಒಪ್ಪಿದ್ದೂ ನಿಜ. ಅದರಲ್ಲಿ ಹೆಚ್ಚು ಕಡಿಮೆ ಮಾಡುವುದು ಅವಳ ಕೆಲಸವಾಗಿರಲಿಲ್ಲ. ಕೃತ್ಯದ ಉದ್ದೇಶದ ಜಾಗಕ್ಕೆ ಬಂದಾಗ ‘ಲಾಭಕ್ಕಾಗಿ’ ಎಂದು ಬರೆಯುವುದು ರೂಢಿ. ಅವಳು ಬರೆದಳು: ಸದರಿ ಅಕ್ಷರಗಳನ್ನು ಬರೆದ ಲಕ್ಕಪ್ಪ ತಂದೆ ಫಕ್ಕೀರಪ್ಪ ಚಲವಾದಿ ಎಂಬವರ ಹೆಸರು ಕೃತ್ಯದ ದಿನದವರೆಗೆ ಯಾವ ಸರಕಾರಿ ಕಾಗದದಲ್ಲಿಯೂ ಬಾರದೆ ಇದ್ದುದರಿಂದ.